ತಿಂದ ಅನ್ನ ತೋಳಿಗೆ ಬಾರದವರ ಪರವಾಗಿ

ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡ ಸೋಮಾರಿಯಲ್ಲ. ಈ ಒಂದು ಮಾತನ್ನು ನಿಮ್ಮ ಕೊಠಡಿಯಲ್ಲೇ ಹೇಳಬೇಕೆಂದಿದ್ದೆ. "ನೀವು ಹೊರಗೆ ಕೂತ್ಕೊಳ್ಳಮ್ಮ" ಎಂದು ಕಳುಹಿಸಿಬಿಟ್ಟಿರಿ. ಆಮೇಲೆ ನಿಮಗೊಬ್ಬರಿಗೇ ಪತ್ರ ಬರೆದೆ, ಉತ್ತರವಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ತಮ್ಮ ಅಮೂಲ್ಯ ಸಮಯಕ್ಕೆ ಭಂಗ ತಂದದ್ದಕ್ಕೆ ಕ್ಷಮೆ ಇರಲಿ. ನಮ್ಮ ಸಮಯವಂತೂ ಹೇಗೂ ಬಿಟ್ಟಿ.

ನನ್ನ ಗಂಡ ಗೋದಾಮಿನಲ್ಲಿ ಪೆಟ್ಟಿಗೆ, ಮೂಟೆ ಹೊರುತ್ತಿದ್ದರು. ಆಳೆತ್ತರದ ಮನುಷ್ಯ, ಅಗಲವಾದ ಭುಜ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಒಂದಗುಳೂ ಉಳಿಯುತ್ತಿರಲಿಲ್ಲ. ಆದರೆ ಭಾರ ಎತ್ತಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತೋಳು ಕಲ್ಲಿನಂತೆ ಗಂಟುಕಟ್ಟಿ, ಮುಖದಲ್ಲಿ ಬೆವರೊಡೆದು, ನಿಂತುಬಿಡುತ್ತಿದ್ದರು. ಸ್ವಲ್ಪ ಹೊತ್ತು ಸುಧಾರಿಸಿಕೊಂಡರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸಲೀಸಾಗಿ ನಡೆಯುತ್ತಿದ್ದರು. ಅವರಿಗೆ ಮುಳುವಾದದ್ದೇ ಆ ಸಲೀಸು ನಡಿಗೆ. ಜೊತೆಯ ಹಮಾಲರು "ನಿಲ್ದಾಣ" ಎಂದು ಅಡ್ಡಹೆಸರಿಟ್ಟರು. ಇವರು ನಿಂತರೆ ಸಾಕು, "ನಿಲ್ದಾಣ ಬಂತು, ಇಳಿಯೋರು ಇಳ್ಕೊಳ್ರಪ್ಪಾ!" ಎಂದು ಕೂಗು. ಇವರೂ ಜೊತೆಗೆ ನಗುತ್ತಿದ್ದರು, ಮತ್ತೇನು ಮಾಡಿಯಾರು? ಮನೆಗೆ ಬಂದರೆ ನನ್ನ ಮಾವ ಸರಿಯಾಗಿ ಊಟದ ಹೊತ್ತಿಗೇ ಶುರುಮಾಡುತ್ತಿದ್ದರು: "ಉಣ್ಣೋಕೆ ಮುಂದು, ದುಡಿಯೋಕೆ ಹಿಂದು." ಇವರು ತಲೆಯೆತ್ತದೆ ಉಣ್ಣುತ್ತಿದ್ದರು.

ಒಂದು ದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಹೆದರಿ ದೊಡ್ಡಾಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸು, ಹಲವು ಪರೀಕ್ಷೆ ಮಾಡಿಸಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ನಾವು ತಿಂದಿದ್ದು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ ಕಣ್ರೀ. ಮಾಂಸಖಂಡ ಅದರಲ್ಲಿ ಒಂದಿಷ್ಟನ್ನ ಕೂಡಿಟ್ಟುಕೊಳ್ಳುತ್ತೆ. ಭಾರ ಎತ್ತಿದ ತಕ್ಷಣ ಬೇಕಾಗೋ ಶಕ್ತಿ ಆ ದಾಸ್ತಾನಿಂದಾನೇ ಬರಬೇಕು. ಇವರಲ್ಲಿ ದಾಸ್ತಾನಿಗೇನೂ ಕೊರತೆ ಇಲ್ಲ. ಅದನ್ನ ಒಡೆದು ಈಚೆ ತೆಗೆಯೋ ಅಂಶ ಹುಟ್ಟಿನಿಂದಲೇ ಇಲ್ಲ. ಕಣಜ ತುಂಬಿದೆ, ಬಾಗಿಲಿಲ್ಲ."

"ಆದ್ರೆ ಸ್ವಲ್ಪ ನಿಂತ್ರೆ ಸರಿಹೋಗ್ತಾರಲ್ಲ ಮೇಡಂ?" ಎಂದು ಕೇಳಿದೆ.

"ಅಷ್ಟರಲ್ಲಿ ರಕ್ತದಲ್ಲಿ ಹರಿದು ಬರೋ ಸಕ್ಕರೆ, ಕೊಬ್ಬು ಸಿಗುತ್ತೆ. ಅದನ್ನ ಉರಿಸ್ಕೊಂಡು ನಡೀತಾರೆ. ನಿಲ್ಲೋಕೆ ಬಿಡದೆ ಹೊರಿಸಿದ್ರೆ ಮಾಂಸಖಂಡಾನೇ ಒಡೆದುಹೋಗುತ್ತೆ, ಮೂತ್ರಪಿಂಡ ಕೆಡುತ್ತೆ. ಇದಕ್ಕೆ ಮಾತ್ರೆ ಇಲ್ಲ. ಭಾರದ ಕೆಲಸ ಬಿಡಿಸಿಬಿಡಿ."

ಮನೆಗೆ ಹೋಗುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು, "ಹಾಗಾದ್ರೆ ನಾನು ಕೆಲಸಕ್ಕೆ ಕಳ್ಳಬೀಳ್ತಿರಲಿಲ್ಲ ಅಂತಾಯ್ತು, ಅಲ್ವೇನೇ?" ವಾಸಿಯಾಗದ ರೋಗವಿದೆ ಎಂದು ತಿಳಿದು ಯಾರಾದರೂ ಹಿಗ್ಗುತ್ತಾರೆಯೇ ಅಧ್ಯಕ್ಷರೇ? ನನ್ನ ಗಂಡ ಹಿಗ್ಗಿದರು.

ಭಾರ ಎತ್ತಲಾಗದೆಂದು ಮಂಡಳಿಯಿಂದ ಬರೆಸಿಕೊಂಡು ಬಂದರೆ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತೇನೆಂದು ಗೋದಾಮಿನ ಮ್ಯಾನೇಜರು ಒಪ್ಪಿದರು. ಹಾಗಾಗಿ ನಿಮ್ಮಲ್ಲಿಗೆ ಬಂದೆವು. ಕೈಲಾಗದವರನ್ನು ಪರೀಕ್ಷಿಸುವ ಕಚೇರಿಯನ್ನು ಮೂರನೇ ಮಹಡಿಯಲ್ಲಿಟ್ಟು, ಲಿಫ್ಟನ್ನು ಸಿಬ್ಬಂದಿಗೆ ಮೀಸಲಿಟ್ಟ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ನಿಂತು ನಿಂತು ಹತ್ತಿದೆವು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದಿರಿ. ಹಾಗೆ ಕೂತು ಎದ್ದ ಮೇಲೆ ಇವರ ತೋಳಿನಲ್ಲಿ ಯಾರ ತೋಳಿಗೂ ಕಡಿಮೆಯಿಲ್ಲದ ಬಲವಿರುತ್ತದೆ. ನಿಮ್ಮ ಕೈ ಹಿಚುಕಲು ಹೇಳಿದಿರಿ, ಇವರು ಹಿಚುಕಿದರು. ಬಾಗಿಲು ಅರ್ಧ ತೆರೆದಿತ್ತು, ಉಳಿದದ್ದೆಲ್ಲ ನನ್ನ ಕಿವಿಗೇ ಬಿತ್ತು.

"ಇಷ್ಟು ಮೇಲೆ ಹತ್ತಿ ಬಂದಿದೀರಲ್ಲ?"

"ನಿಂತು ನಿಂತು ಬಂದೆ ಸಾರ್. ಡಾಕ್ಟರಮ್ಮ ಕಾಗದ ಕೊಟ್ಟಿದಾರೆ..."

"ಎಲ್ಲರೂ ನಿಂತು ನಿಂತೇ ಬರೋದು. ಹೊಟ್ಟೆ ತುಂಬ ಊಟ ಮಾಡಿ, ಶಕ್ತಿ ತಾನಾಗೇ ಬರುತ್ತೆ. ಮೈಗಳ್ಳತನಕ್ಕೆಲ್ಲ ನಾವು ಸರ್ಟಿಫಿಕೇಟ್ ಕೊಡೋಲ್ಲ."

ಹತ್ತಿ ಬಂದವನು ಗಟ್ಟಿಮುಟ್ಟು, ಹತ್ತಲಾರದವನು ಗೈರುಹಾಜರು. ಇವೆರಡರ ನಡುವೆ ರೋಗಿ ಎಲ್ಲಿ ನಿಲ್ಲಬೇಕಿತ್ತು, ಸ್ವಾಮಿ? ಆ ಕಾಗದವನ್ನು ಬಿಡಿಸಿ ನೋಡಲು ತಮಗೆ ಎಷ್ಟು ಶಕ್ತಿ ಖರ್ಚಾಗುತ್ತಿತ್ತು?

"ಎಲ್ಲ ಕೆಲಸಕ್ಕೂ ಯೋಗ್ಯ" ಎಂಬ ನಿಮ್ಮ ಬರಹ ನಮಗಿಂತ ಮೊದಲೇ ಗೋದಾಮು ತಲುಪಿತು. ಗೇಟಿನ ಕೆಲಸ ಹೋಯಿತು. ಕೆಲಸವನ್ನೇ ಬಿಟ್ಟುಬಿಡಿ ಎಂದು ಗೋಗರೆದೆ. "ನಿನ್ನ ಹೊಲಿಗೆ ಒಂದರಲ್ಲೇ ಮನೆ ನಡೆಯುತ್ತಾ? ಬೇರೆ ಕಡೆ ಸಿಗೋವರೆಗೆ ಹೋಗ್ತೀನಿ" ಎಂದರು. ಲಾರಿಗಳು ಸಾಲುಗಟ್ಟಿ ನಿಂತಿದ್ದ ದಿನ ಇವರು ಮೂಟೆ ಇಳಿಸಿ ಗೋಡೆಗೊರಗಿದಾಗ ಮೇಸ್ತ್ರಿ ಹೇಳಿದನಂತೆ: "ಡಾಕ್ಟ್ರುಗಳೇ ಗಟ್ಟಿ ಇದಾನೆ ಅಂತ ಬರೆದುಕೊಟ್ಟಿದಾರೆ, ನಿಂಗಿನ್ನೇನು ಧಾಡಿ? ಎತ್ತು!" ಎತ್ತಿದರು. ಎತ್ತುತ್ತಲೇ ಇದ್ದರು. ಕೊನೆಗೆ ಅವರನ್ನೇ ನಾಲ್ವರು ಎತ್ತಿಕೊಂಡು ಆಸ್ಪತ್ರೆಗೆ ತರಬೇಕಾಯಿತು. ಅವರಲ್ಲೊಬ್ಬ, ಆ ಅಡ್ಡಹೆಸರು ಇಟ್ಟವನೇ, ವಾರ್ಡಿನ ಬಾಗಿಲಲ್ಲಿ ನನ್ನ ಮುಖ ನೋಡಲಾರದೆ ನಿಂತಿದ್ದ.

ಈಗ ಯಂತ್ರ ಅವರ ರಕ್ತ ತೊಳೆಯುತ್ತಿದೆ. ಮೂತ್ರಪಿಂಡ ಚೇತರಿಸಿಕೊಳ್ಳಬಹುದು, ಚೇತರಿಸಿಕೊಳ್ಳದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರಮ್ಮ. ನೀರಿಗೂ ಅಳತೆ, ಅನ್ನಕ್ಕೂ ಅಳತೆ. ಮಾವ ದಿನಾ ಹಾಸಿಗೆಯ ಪಕ್ಕ ಕೂತು ಚಮಚ ಹಿಡಿದು, "ಇನ್ನೊಂದೇ ತುತ್ತು ಉಣ್ಣೋ ಮಗಾ" ಎನ್ನುತ್ತಾರೆ. ಇವರು ಬೇಡವೆಂದು ಮುಖ ತಿರುಗಿಸುತ್ತಾರೆ. ಯಾರಿಗೆ ಸಮಾಧಾನ ಹೇಳಬೇಕೋ ನನಗೆ ತಿಳಿಯುವುದಿಲ್ಲ.

ನಿಮ್ಮ ಮೇಲೆ ದೂರು ಕೊಡು ಎಂದು ಕೆಲವರು ಹೇಳಿದರು. ವಿಚಾರಿಸಿದೆ. ಮಂಡಳಿಯ ಮೇಲಿನ ದೂರನ್ನು ಪರಿಶೀಲಿಸುವುದೂ ಮಂಡಳಿಯೇ ಅಂತೆ. ಸರಿ, ಅದನ್ನು ಬಿಟ್ಟೆ. ನನ್ನ ಗಂಡನಿಗಾಗಿ ನಿಮ್ಮಿಂದ ಈಗ ಏನೂ ಬೇಡ.

ಆದರೆ ಇದು ಒಡಹುಟ್ಟಿದವರಲ್ಲೂ ಇರಬಹುದೆಂದು ಡಾಕ್ಟರಮ್ಮ ನನ್ನ ನಾದಿನಿಯನ್ನೂ ಪರೀಕ್ಷಿಸಿದರು. ಅವಳಿಗೂ ಇದೆ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಒದ್ದೆ ಹೊದಿಕೆಗಳ ರಾಶಿ ಎತ್ತುವುದು ಅವಳ ಕೆಲಸ. ಬರುವ ಸೋಮವಾರ ನಿಮ್ಮ ಮುಂದೆ ನಿಲ್ಲುತ್ತಾಳೆ. ತುಂಬ ಸಂಕೋಚದವಳು. "ಕೈಲಾಗುತ್ತಾ?" ಎಂದು ಗದರಿದರೆ "ಆಗುತ್ತೆ ಸಾರ್" ಎಂದುಬಿಡುತ್ತಾಳೆ. ಅವಳ ಮಾತು ನಂಬಬೇಡಿ, ಕೈಯಲ್ಲಿರುವ ಕಾಗದ ಓದಿ. ಓದಿಯೂ ಅರ್ಥವಾಗದಿದ್ದರೆ "ಯೋಗ್ಯ" ಎಂದು ಮಾತ್ರ ಬರೆಯಬೇಡಿ. "ನಮಗೆ ಗೊತ್ತಿಲ್ಲ" ಎಂದು ಬರೆಯಿರಿ. ಅದನ್ನು ತೋರಿಸಿ ಯಾವ ಮೇಸ್ತ್ರಿಯೂ ಅವಳಿಗೆ "ಎತ್ತು" ಎನ್ನಲಾರ.

ಇಂತಿ,
ಕೈಮುಗಿಯುವುದರ ಹೊರತು ಬೇರೇನೂ ತೋಚದ,
ಅವಳ ಅತ್ತಿಗೆ