ಬಾಣಂತಿ ಮನೆಗೆ ಬಣ್ಣದ ಸೀರೆ

ಅಮೃತೂರು
21-11-1983

ಚಿ. ಮಂಗಳಾಗೆ ಅಜ್ಜಿ ಸಿದ್ದಗಂಗಮ್ಮನ ಆಶೀರ್ವಾದ.

ನಾನು ರುಬ್ಬೋಕಲ್ಲಿನಂತೆ ಗಟ್ಟಿಯಾಗಿದ್ದೇನೆ. ನೀನೂ ತುಮಕೂರಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದುಕೊಂಡು ಬೈಯಲು ಶುರು ಮಾಡುತ್ತೇನೆ.

ನರ್ಸಿಂಗ್ ಕಲಿಸುವ ಟೀಚರಮ್ಮ ಆದೆ, ಸಂತೋಷ. ನಾಲ್ಕು ಹುಡುಗಿಯರನ್ನು ನಮ್ಮ ಮನೆಯಲ್ಲೇ ಇಳಿಸಿ, ಊರಿನ ಬಾಣಂತಿ, ಕೂಸುಗಳನ್ನು ನೋಡಿ ಬನ್ನಿ ಎಂದೆ, ಅದೂ ಸಂತೋಷ. ಆದರೆ ಯೂನಿಫಾರಂ ಬಿಟ್ಟು ಬಣ್ಣದ ಸೀರೆಯಲ್ಲಿ ತಿರುಗಿದಳೆಂದು ಜಮಾಲುನ್ನೀಸಾಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಬರೆದಿದ್ದೀಯಲ್ಲ, ನಿನ್ನ ತಲೆಯಲ್ಲಿರುವುದು ಮಿದುಳೋ, ನೆನೆದ ಅವಲಕ್ಕಿಯೋ? ನಿನ್ನ ಕಾಗದ ಬಂದಾಗಿನಿಂದ ಆ ಹುಡುಗಿ ಮುದ್ದೆ ಮುಟ್ಟಿಲ್ಲ.

ನಡೆದದ್ದು ಕೇಳು. ಚನ್ನವೀರಯ್ಯನ ಸೊಸೆ ಹೆತ್ತು, ಜ್ವರ ಬಂದು ಮಲಗಿದ್ದಳು. ನಿನ್ನ ಹುಡುಗಿಯರು ಬಿಳಿ ಸೀರೆ, ಬೋಳು ಹಣೆ, ಬಳೆಯಿಲ್ಲದ ಕೈಯಲ್ಲಿ ಸಾಲಾಗಿ ಹೋಗಿ ಬಾಗಿಲಲ್ಲಿ ನಿಂತರು. ಚನ್ನವೀರಯ್ಯನ ಹೆಂಡತಿ ನೋಡಿದಳು. "ಇಷ್ಟೊಂದ್ ಜನ ಗಂಡ ಸತ್ತೋರು ಎಲ್ಲಿಂದ ಬಂದ್ರವ್ವಾ! ಬಾಣಂತಿ ಮನೆ ಕಣ್ರೇ ಇದು, ನಡೀರಿ ಆಚೆಗೆ" ಎಂದು ಕದ ಹಾಕಿಕೊಂಡಳು. ನೀನು ಹುಟ್ಟಿದ ಊರೇ ಅಲ್ಲವೇ ಇದು? ಇಷ್ಟು ಹೊಳೆಯಬೇಡವೇ?

ಮಾರನೆಯ ದಿನ ನಿಮ್ಮಮ್ಮನ ಟ್ರಂಕು ತೆಗೆದೆ. ಎಲ್ಲರಿಗೂ ಬಣ್ಣದ ಸೀರೆ, ಕೈತುಂಬ ಬಳೆ, ಮುಡಿಗೆ ಸೇವಂತಿಗೆ. ಜಮಾಲುನ್ನೀಸಾ, "ಕುಂಕುಮ ಬ್ಯಾಡ ಅಜ್ಜಿ, ನಮ್ಮಮ್ಮಿ ಬೈತಾರೆ" ಎಂದಳು. "ಬುಡು, ನಿಂಗೆ ಒಂದ್ ಮೊಳ ಹೂವು ಜಾಸ್ತಿ" ಎಂದೆ. ಕೊಬ್ಬರಿ ಬೆಲ್ಲ ಹಿಡಿದು, ಬಾಣಂತಿ ನೋಡಲು ಬಂದ ನೆಂಟರಂತೆ ಒಳಗೆ ಹೋದರು. ನಾನು ಜಗಲಿಯಲ್ಲೇ ಕೂತೆ. ನನ್ನದೂ ಬಿಳಿ ಸೀರೆಯಲ್ಲವೇ.

ಒಳಗೆ ಆ ಹೆಣ್ಣಿನ ನಾಲಿಗೆ ಒಣಗಿ ತರಗಾಗಿತ್ತಂತೆ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಅತ್ತೆ ತೊಟ್ಟು ನೀರೂ ಕೊಟ್ಟಿರಲಿಲ್ಲ. ಜಮಾಲುನ್ನೀಸಾ ನಿನ್ನ ಪಾಠ ಒದರಲಿಲ್ಲ. "ಹಸೂಗೆ ನೀರ್ ತೋರಿಸ್ದೆ ಹಾಲು ಕರೀತೀರಾ ಅತ್ತೆಮ್ಮಾ?" ಎಂದು ಕೇಳಿದಳಂತೆ. ಚನ್ನವೀರಯ್ಯನ ಹೆಂಡತಿ ಎದ್ದು ಹೋಗಿ ಕಾಯಿಸಿ ಆರಿಸಿದ ನೀರು ತಂದಳು. ಆಮೇಲೆ ಈ ಹುಡುಗಿಯರೇ ಬಾಣಂತಿಯನ್ನು ಕುಣಿಗಲ್ ಆಸ್ಪತ್ರೆಗೆ ಸೇರಿಸಿದರು. ಈಗ ಅವಳು ಮನೆಗೆ ಬಂದು, ಅತ್ತೆಯ ಜೊತೆ ಜಗಳ ಆಡುವಷ್ಟು ಚೇತರಿಸಿಕೊಂಡಿದ್ದಾಳೆ.

ಬಾಗಿಲೇ ತೆರೆಯದಿದ್ದರೆ ನಿನ್ನ ವಿದ್ಯೆಯನ್ನು ಬೀದಿಯಲ್ಲಿ ನಿಂತು ಕೂಗಬೇಕಿತ್ತೇ? ಆ ಹುಡುಗಿಯನ್ನು ಪರೀಕ್ಷೆಗೆ ಕೂರಿಸು. ಇಲ್ಲವಾದರೆ ನಾನೇ ಬಸ್ಸು ಹತ್ತಿ ಬಂದು, ನಿನ್ನ ಕ್ಲಾಸಿನಲ್ಲೇ ನಿನ್ನ ಕಿವಿ ಹಿಂಡುತ್ತೇನೆ.

ಇಂತಿ, ನಿನ್ನನ್ನು ಎತ್ತಿ ಆಡಿಸಿದ, ಬೈಯುವ ಹಕ್ಕು ಇನ್ನೂ ಬಿಟ್ಟುಕೊಡದ,
ಅಜ್ಜಿ ಸಿದ್ದಗಂಗಮ್ಮ

ಮರೆತ ಮಾತು: ಯೂನಿಫಾರಂ ತಾನಾಗಿಯೇ ಬಿಟ್ಟೆ ಎಂದು ಜಮಾಲುನ್ನೀಸಾ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ನಿನಗೆ ಬರೆದದ್ದು ಸುಳ್ಳು. "ಮಿಸ್ ಬೈತಾರೆ, ನಾನ್ ಮಾತ್ರ ಬಿಡಲ್ಲ" ಎಂದು ಹಠ ಹಿಡಿದವಳೇ ಅವಳು. ಟ್ರಂಕು ತೆಗೆದ ಆ ಬೆಳಿಗ್ಗೆ ಹುಡುಗಿಯರು ಸ್ನಾನಕ್ಕೆ ಹೋದಾಗ ಅವರ ಬಿಳಿ ಸೀರೆಗಳನ್ನೆಲ್ಲ ನಿಮ್ಮಮ್ಮನ ಹೊಸ ಕೆಂಪು ಸೀರೆಯ ಜೊತೆ ನೆನೆಹಾಕಿದವಳು ನಾನು. ಬಣ್ಣ ಚೆನ್ನಾಗಿಯೇ ಹತ್ತಿದೆ. ಈಗ ನಿನ್ನ ಯೂನಿಫಾರಂ ಗುಲಾಬಿ. ಅದನ್ನೇ ಉಟ್ಟು ಮನೆಮನೆಗೆ ಹೋಗುತ್ತಿದ್ದಾರೆ. ಯಾರೂ ಕದ ಹಾಕಿಲ್ಲ.