‘ಇರುವೆ ಕಚ್ಚಿದಷ್ಟೇ’ ಎಂದ ಸಾಹೇಬರಿಗೆ

ಮಕ್ಕಳ ದಂತ ಆರೋಗ್ಯ ಅಭಿಯಾನದ ಮಾನ್ಯ ಅಧಿಕಾರಿಗಳೇ,

ಏಳು ವರ್ಷದ ನನ್ನ ಮಗಳು ಬಾಯಿ ತೆರೆಯುತ್ತಿಲ್ಲ. ಅದನ್ನು ಮುಚ್ಚಿಸಿದವರು ತಾವು. ಉಳಿದದ್ದು ಬರೀ ವಿವರ, ಉದ್ಘಾಟನೆಗಳ ನಡುವೆ ಪುರುಸೊತ್ತಾದರೆ ಓದಿ.

ಕಳೆದ ತಿಂಗಳು ನವನಗರದ ನಮ್ಮ ಸರ್ಕಾರಿ ಶಾಲೆಗೆ ದಯಮಾಡಿಸಿದಿರಿ. ಹಲ್ಲಿನ ಡಾಕ್ಟರೆಂದರೆ ಮಕ್ಕಳಿಗಿರುವ ಹೆದರಿಕೆ ಬಿಡಿಸುವುದು ತಮ್ಮ ಘನ ಉದ್ದೇಶ. ತಮ್ಮ ಸಹಿಯ ಸುತ್ತೋಲೆ ಮೊದಲೇ ಬಂದಿತ್ತು: ಸೂಜಿಯ ಬಗ್ಗೆ ಯಾವ ಮಗು ಕೇಳಿದರೂ ಶಿಕ್ಷಕರು ‘ಇರುವೆ ಕಚ್ಚಿದಷ್ಟೇ’ ಎಂದು ಮಾತ್ರ ಉತ್ತರಿಸತಕ್ಕದ್ದು. ನಮ್ಮ ಕಡೆ ಅವ್ವಂದಿರು ಹೇಳುತ್ತ ಬಂದ ಹಳೆಯ ಸುಳ್ಳಿಗೆ ಸರ್ಕಾರಿ ಮೊಹರು ಬಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಎರಡನೆಯ ಇಯತ್ತೆಯ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿದ ಶಿಕ್ಷಕಿ ನಾನೇ. ನನ್ನ ಮಗಳು ಮಯೂರಿ ಅದೇ ತರಗತಿಯಲ್ಲಿ ಓದುತ್ತಾಳೆ.

ಭಾಷಣದಿಂದ ಹೆದರಿಕೆ ಹೋಗದು, ಒಂದು ಹಲ್ಲು ಕಿತ್ತು ತೋರಿಸಿದರೆ ಎಲ್ಲರಿಗೂ ಧೈರ್ಯ ಬರುತ್ತದೆ ಎಂಬ ಜ್ಞಾನ ತಮಗೆ ವೇದಿಕೆಯ ಮೇಲೆಯೇ ಹೊಳೆಯಿತು. ಹುಳುಕು ಹಲ್ಲಿನ ಮಗು ಬೇಕೆಂದಿರಿ. ಪರರ ಮಕ್ಕಳನ್ನು ಕೊಡಲು ಮನಸ್ಸಾಗದೆ, ತಮಗೆ ಇಲ್ಲ ಎನ್ನಲು ಎದೆಯಿಲ್ಲದೆ, ನಾನು ನನ್ನ ಮಗಳನ್ನೇ ಕರೆತಂದೆ. ತಮ್ಮ ಜೊತೆ ಬಂದು ಸೂಜಿ ಚುಚ್ಚಿದ ಎಳೆಯ ಡಾಕ್ಟರು, ಮದ್ದು ಏರಲು ಇನ್ನೈದು ನಿಮಿಷ ಬೇಕೆಂದು ಗೋಗರೆದರು. ತಮಗೆ ಧಾರವಾಡದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತಲ್ಲ?

“ಹಾಲಹಲ್ಲ ಐತಿ, ಏನ ಆಗತೈತಿ? ಕಿತ್ತ ಬಿಡ್ರಿ” ಅಂದಿರಿ. ಅವಳ ಕೈ ಹಿಡಿದುಕೊಳ್ಳಲು ನನಗೆ ಹೇಳಿದಿರಿ. ಹಿಡಿದೆ.

ಅವಳು ಕೂಗಿದ್ದು ಮೈಕಿನಲ್ಲಿ ಇಡೀ ಓಣಿಗೆ ಕೇಳಿಸಿತು. ತಾವು ಧೃತಿಗೆಡಲಿಲ್ಲ. ರಕ್ತ ಒರೆಸಿಸಿ, ನಗಲು ಹೇಳಿ, ಫೋಟೋ ತೆಗೆಸಿಕೊಂಡಿರಿ. ಆಮೇಲೆ ಇನ್ನೂರು ಮಕ್ಕಳತ್ತ ತಿರುಗಿ, ಇನ್ನೂ ಹೆದರಿಕೆ ಇದ್ದವರು ಮುಂದೆ ಬನ್ನಿ ಎಂದಿರಿ. ಯಾರು ಬರುತ್ತಾರೆ? ವರದಿಯಲ್ಲಿ ನಮ್ಮ ಶಾಲೆ ‘ಶೇಕಡಾ ನೂರು ಭಯಮುಕ್ತ’ ಎಂದು ದಾಖಲಾಯಿತು. ಈ ಲೆಕ್ಕಕ್ಕೆ ಸ್ಮಶಾನ ಇನ್ನೂ ಧೈರ್ಯದ ಜಾಗ, ಅಲ್ಲಿಯೂ ಒಂದು ಶಿಬಿರ ನಡೆಸಿ. ಆ ಫೋಟೋ ಈಗ ಶಾಲೆಯ ಕಚೇರಿಯಲ್ಲಿ ತೂಗುತ್ತಿದೆ. ಹೋಮ್‌ವರ್ಕ್ ಮಾಡದವರಿಗೆ ಹೆಡ್‌ಮಾಸ್ತರರು ಅದನ್ನು ತೋರಿಸುತ್ತಾರೆ. ಶಿಸ್ತು ಬಹಳ ಸುಧಾರಿಸಿದೆ, ಅಭಿನಂದನೆಗಳು.

ಮಯೂರಿಯ ಇನ್ನೊಂದು ಹಲ್ಲೂ ಹುಳುಕಾಗಿತ್ತು. ಆ ನೋವನ್ನು ಎರಡು ವಾರ ನನ್ನಿಂದ ಮುಚ್ಚಿಟ್ಟಳು. ಗಲ್ಲ ಬಾತು ಜ್ವರ ಬಂದ ಮೇಲೆಯೇ ನನಗೆ ಗೊತ್ತಾದದ್ದು. ದೇಶಪಾಂಡೆ ನಗರದ ದವಾಖಾನೆಗೆ ಹೊತ್ತೊಯ್ದೆ. ಅಲ್ಲಿಯ ಡಾಕ್ಟರಮ್ಮ ಬರಿಗೈಯಲ್ಲಿ ಬಂದು ಅವಳ ಪಕ್ಕ ನೆಲದ ಮೇಲೆ ಕೂತರು. ಸೂಜಿ ನೋಯುತ್ತದೆ, ಹತ್ತು ಎಣಿಸುವಷ್ಟು ಹೊತ್ತು ನೋಯುತ್ತದೆ, ನೀನು ಕೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಖರೇ ಮಾತು ಹೇಳಿದರು. ಬಾಯಿ ನೋಡುವ ಕನ್ನಡಿಯನ್ನು ಅವಳ ಕೈಗೇ ಕೊಟ್ಟರು. ಸಾಹೇಬರೇ, ಇದಕ್ಕೆ ಶಾಮಿಯಾನವೂ ಬೇಕಾಗಲಿಲ್ಲ, ಸುತ್ತೋಲೆಯೂ ಬೇಕಾಗಲಿಲ್ಲ. ಆದರೆ ಅವಳು ಹಲ್ಲು ಕಚ್ಚಿಯೇ ಕೂತಳು. ಕೀವು ದವಡೆಗೆ ಇಳಿಯುತ್ತಿದೆಯಂತೆ. ಔಷಧಿ ಸೋಮವಾರದ ತನಕ ತಡೆದೀತು, ಅಂದೂ ಬಾಯಿ ತೆರೆಯದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರ ತಪ್ಪಿಸಿ ತೆಗೆಯಬೇಕಂತೆ.

ಕೆಟ್ಟ ಮೇಲೆ ಬುದ್ಧಿ ಬಂದವಳು ನಾನು. ಮನೆಗೆ ಬಂದು ಮಗಳೆದುರು ಒಪ್ಪಿಕೊಂಡೆ.

“ಇರಿವಿ ಕಚ್ಚಿದಂಗ ಆಗತೈತಿ ಅಂದಿದ್ನಲ್ಲವಾ, ಅದು ಸುಳ್ಳ. ಗೊತ್ತಿದ್ದ ಹೇಳಿದ್ನಿ.”

ಅವಳು ತುಟಿ ಮಾತ್ರ ಅಲ್ಲಾಡಿಸಿ ಕೇಳಿದಳು, “ಸುಳ್ಳ ಅಂತ ಸಾಹೇಬ್ರು ಯಾವಾಗ ಹೇಳ್ತಾರ?”

ಉತ್ತರ ಕೊಡಬೇಕಾದವರು ತಾವು, ಅದಕ್ಕೇ ಈ ಪತ್ರ. ಸರ್ಕಾರಿ ನೌಕರಿಯಲ್ಲಿದ್ದು ಹೀಗೆ ಬಹಿರಂಗವಾಗಿ ಬರೆದದ್ದಕ್ಕೆ ನನಗೆ ನೋಟಿಸ್ ಖಂಡಿತ. ದಯವಿಟ್ಟು ಅದನ್ನು ಟಪಾಲಿಗೆ ಹಾಕಬೇಡಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ದವಾಖಾನೆಗೆ ತಾವೇ ತನ್ನಿ. ಮೊದಲು ಮಯೂರಿಯ ಎದುರು ನೆಲದ ಮೇಲೆ ಕೂತು, ‘ನಾ ನಿನಗ ಸುಳ್ಳ ಹೇಳಿದ್ನಿ’ ಎನ್ನಿ. ಅವಳು ಬಾಯಿ ತೆರೆದರೆ, ಆ ನೋಟಿಸಿನಲ್ಲಿ ತಾವು ಎಲ್ಲಿ ತೋರಿಸಿದರೂ ಸಹಿ ಹಾಕುತ್ತೇನೆ.

ಇಂತಿ,
ತಮಗೆ ಅಂಜಿ ಹೆತ್ತ ಮಗಳನ್ನೇ ಒಪ್ಪಿಸಿದ,
ನವನಗರದ ಒಬ್ಬ ಶಿಕ್ಷಕಿ