ಗುಂಡಿ ಡಬ್ಬಿಯಲ್ಲಿ ಸಿಕ್ಕ ಕೆಂಪು ಮಾತ್ರೆಗಳು

ರೀ,

ಮಗಳ ಅಂಗಿಗೆ ಗುಂಡಿ ಹುಡುಕೋಣವೆಂದು ನಿನ್ನೆ ಸಂಜೆ ನಿಮ್ಮ ಗುಂಡಿ ಡಬ್ಬಿ ಸುರಿದರೆ, ಒಳಗೆ ರಾಶಿ ಕೆಂಪು ಮಾತ್ರೆಗಳು! ರಾತ್ರಿ ನೀವು ಸುಸ್ತಾಗಿ ಬಂದಿರಿ, ಬೈಯಲು ಮನಸ್ಸಾಗಲಿಲ್ಲ. ಕ್ಷಯದ ಮಾತ್ರೆಗಳಲ್ಲಿ ಇದೊಂದನ್ನೇ ಯಾಕೆ ಬಿಟ್ಟಿರಿ ಎಂದು ಆಮೇಲೆ ಹೊಳೆಯಿತು. ಇದನ್ನು ನುಂಗಿದರೆ ಬೆವರೂ ಕಿತ್ತಳೆ ಬಣ್ಣವಾಗುತ್ತದೆ. ನೀವು ಹೊಲಿಯುವುದೋ ಬಿಳಿ ಬಟ್ಟೆ. ಕಲೆಯಾದರೆ ಕೆಲಸ ಹೋದೀತೆಂಬ ಭಯ. ನನಗೊಂದು ಮಾತು ಹೇಳಬಾರದಿತ್ತೇ?

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಪಾಪ, ಅವರೂ ಬೈಯಲಿಲ್ಲ. "ಒಂದು ಮಾತ್ರೆಗೆ ಬಗ್ಗದ ರೋಗಾಣುನ ಇನ್ನೊಂದು ಕೊಲ್ಲುತ್ತೆ, ಅದಕ್ಕೇ ಜೊತೆಯಲ್ಲಿ ಕೊಡೋದು. ಒಂದನ್ನ ಬಿಟ್ರೆ, ಉಳಿದಿದ್ದಕ್ಕೆ ಬಗ್ಗದವು ಬದುಕಿ ಮರಿ ಹಾಕ್ತವೆ. ಆ ಮರಿಗಳಲ್ಲಿ ಬಿಟ್ಟ ಮಾತ್ರೆಗೂ ಬಗ್ಗದವು ಹುಟ್ಟಿದ್ರೆ, ಆಮೇಲೆ ಎಲ್ಲಾ ಒಟ್ಟಿಗೆ ನುಂಗಿದ್ರೂ ಕೇಳಲ್ಲ" ಅಂದರು.

ಬಚ್ಚಲ ಕಿಟಕಿಯಲ್ಲಿ ಆಸ್ಪತ್ರೆಯ ಡಬ್ಬಿ ಇದೆ. ಎದ್ದ ಕೂಡಲೇ ಕಫ ತೆಗೆದು, ಪರೀಕ್ಷೆಗೆ ಕೊಟ್ಟು, ಡಾಕ್ಟರಮ್ಮನನ್ನು ನೋಡಿಯೇ ಬನ್ನಿ. ಅವರು ಹೇಳಿದ್ದನ್ನು ಮಾಡಿ, ಸ್ವಂತ ಬುದ್ಧಿ ಓಡಿಸಬೇಡಿ. ತಿಂಡಿ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನಿ.

ನಿಮ್ಮ ಯಜಮಾನರ ಹತ್ತಿರ ನಾನೇ ಮಾತಾಡಿದ್ದೇನೆ. ಕಾಯಿಲೆ ವಾಸಿಯಾಗುವವರೆಗೆ ನಿಮಗೆ ಹೊಲಿಯಲು ಕಪ್ಪು ಕೋಟುಗಳೇ. ಕೋಪ ಬಂದರೆ ಸಂಜೆ ನಾನು ಬಂದ ಮೇಲೆ ತೀರಿಸಿಕೊಳ್ಳಿ.

ನಿಮ್ಮ ದಿಂಬಿಗೆ ಮಾತ್ರ ಬೇಕೆಂದೇ ಬಿಳಿ ಕವರ್ ಹಾಕಿದ್ದೇನೆ. ಅದರ ಮೇಲೆ ಕಿತ್ತಳೆ ಕಲೆ ಕಂಡ ದಿನ ನನಗೆ ಕಣ್ತುಂಬ ನಿದ್ದೆ.